ಖಾಲಿ ಬಿಟ್ಟ ಸಾಲು

ನಮ್ಮ ಮನೆಯಲ್ಲಿ ನನ್ನ ಕೈಬರಹಕ್ಕೆ ಬೆಲೆ ಬರುತ್ತಿದ್ದದ್ದು ವರ್ಷಕ್ಕೆ ಒಂದೇ ದಿನ, ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ. ಅವತ್ತು ಅಪ್ಪ ಎನ್.ಆರ್. ಕಾಲೋನಿಯ ನಮ್ಮ ಮನೆಯ ಹಜಾರದಲ್ಲಿ ಚಾಪೆ ಹಾಸಿ, ಎರಡು ಫುಲ್‌ಸ್ಕೇಪ್ ಹಾಳೆ ಕೊಟ್ಟು, "ದಪ್ಪಕ್ಷರದಲ್ಲಿ ಬರಿ, ಪುರೋಹಿತರಿಗೆ ಕಣ್ಣು ಸಾಲದು" ಅನ್ನುತ್ತಿದ್ದರು. ಬರೆಯಬೇಕಾದದ್ದು ನಮ್ಮ ಮನೆಯ ಸತ್ತವರ ಹೆಸರುಗಳನ್ನು. ಮಾರನೆಯ ದಿನ ಪುರೋಹಿತರು ಅದನ್ನು ನೋಡಿ ಒಂದೊಂದೇ ಹೆಸರು ಓದುವರು, ಅಪ್ಪ ಅದನ್ನೇ ಹೇಳಿ ಎಳ್ಳುನೀರು ಬಿಡುವರು. ಹೋದ ವರ್ಷದ ಹಾಳೆ ನೀರು ಬಿದ್ದು, ಎಳ್ಳು ಅಂಟಿ ಹಪ್ಪಳದಂತಾಗಿರುತ್ತಿತ್ತು. ಅದಕ್ಕೇ ಪ್ರತಿವರ್ಷ ಹೊಸ ಪ್ರತಿ. ಹೆಣ್ಣುಮಕ್ಕಳು ತರ್ಪಣ ಬಿಡುವಂತಿಲ್ಲ, ಸರಿ. ಆದರೆ ಯಾರಿಗೆ ಬಿಡಬೇಕು ಅನ್ನುವುದನ್ನು ಬರೆಯಲು ಮಾತ್ರ ನಾನು ಬೇಕು. ಇದನ್ನು ಹನ್ನೊಂದನೆಯ ವಯಸ್ಸಿನಲ್ಲೇ ಕೇಳಿ ಅಮ್ಮನಿಂದ ತಲೆಗೆ ಮೊಟಕಿಸಿಕೊಂಡಿದ್ದೆ. ನನಗೆ ಆಗಿನಿಂದಲೂ ಮೂಗಿನ ತುದಿಯಲ್ಲೇ ಕೋಪ.

ಶಾಸ್ತ್ರದಲ್ಲಿ ಹೆಸರುಗಳ ಕ್ರಮ ಬೇರೆ ಇದೆಯಂತೆ. ಅದನ್ನು ಪುರೋಹಿತರು ಬಾಯಲ್ಲೇ ಸರಿಮಾಡಿಕೊಳ್ಳುತ್ತಿದ್ದರು. ನಮ್ಮ ಮನೆಯ ಹಾಳೆಯದು ನಮ್ಮದೇ ಪದ್ಧತಿ: ಗಂಡ ಹೆಂಡತಿಯರ ಹೆಸರು ಒಂದರ ಕೆಳಗೊಂದು. ಇಬ್ಬರಲ್ಲಿ ಒಬ್ಬರು ಮೊದಲು ಹೋದರೆ ಇನ್ನೊಬ್ಬರಿಗೆಂದು ಒಂದು ಸಾಲು ಖಾಲಿ. ತೊಂಬತ್ತರ ದಶಕದ ಶುರುವಿನಲ್ಲಿ ನಾನು ಬರೆಯಲು ಕೂತಾಗ ತಾತನ ಹೆಸರಿನ ಕೆಳಗೆ ಹಾಗೊಂದು ಸಾಲಿತ್ತು. "ಇಲ್ಲಿ ಯಾಕೆ ಬಿಟ್ಟಿದೆ?" ಅಂತ ಕೇಳಿದೆ. ಅಪ್ಪ ಕೆಮ್ಮಿದರು. ಕಂಬಕ್ಕೆ ಒರಗಿ ಬತ್ತಿ ಹೊಸೆಯುತ್ತಿದ್ದ ಅಜ್ಜಿ ಬಾಯ್ತುಂಬ ನಕ್ಕುಬಿಟ್ಟರು.

"ಅದು ನನ್ನ ಸೀಟು ಕಣೇ. ಬಸ್ಸಲ್ಲಿ ಕರ್ಚೀಫ್ ಹಾಕ್ತೀವಲ್ಲ, ಹಾಗೆ ಹಾಕಿಟ್ಟಿದೀನಿ. ಯಾರನ್ನೂ ಕೂರಿಸ್ಬೇಡ ಅಲ್ಲಿ."

ಎರಡನೆಯ ಹಾಳೆಯ ಕೊನೆಯಲ್ಲಿ ಹೊರಗಿನವರ ಹೆಸರುಗಳು. ಅಪ್ಪನ ಮೇಷ್ಟ್ರು ಒಬ್ಬರು, ಮಕ್ಕಳಿಲ್ಲದೆ ಹೋದ ಪಕ್ಕದ ಮನೆಯ ಅಜ್ಜಿ, ಆಮೇಲೆ ಚಾಮರಾಜಪೇಟೆಯ ಕಾಂಪೌಂಡರ್ ಸಾಬರು. ಅಪ್ಪನಿಗೆ ಹತ್ತು ವರ್ಷವಿದ್ದಾಗ ಟೈಫಾಯಿಡ್ ಆಗಿ ಆಸೆ ಬಿಟ್ಟಿದ್ದರಂತೆ. ಆಗ ಆ ಸಾಬರು ದಿನಕ್ಕೆ ಎರಡು ಸಲ ಸೈಕಲ್ ತುಳಿದುಕೊಂಡು ಬಂದು, ಸೂಜಿ ಕುದಿಸಿ, ಇಂಜೆಕ್ಷನ್ ಚುಚ್ಚಿ, ಹಣೆಗೆ ಒದ್ದೆಬಟ್ಟೆ ಹಾಕುತ್ತ ಕೂತಿರುತ್ತಿದ್ದರಂತೆ. ಅವರು ತೀರಿಹೋಗಿ ವರ್ಷ ತುಂಬುತ್ತಲೇ ಅಜ್ಜಿ ಅವರನ್ನು ಪಟ್ಟಿಗೆ ಸೇರಿಸಿದರು. ತರ್ಪಣದಲ್ಲಿ ಗುರುಗಳಿಗೆ, ಸ್ನೇಹಿತರಿಗೆ, ಉಪಕಾರ ಮಾಡಿದವರಿಗೆ ಜಾಗ ಇದ್ದೇ ಇದೆ. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಅಂತ ಹೇಳಿದರಾಯಿತು. ಪುರೋಹಿತರು ರೂಢಿಯ ರಭಸದಲ್ಲಿ ಸಾಬರ ಹೆಸರಿನ ಮುಂದೆ "ಶರ್ಮಾಣಂ" ಅಂತಲೂ ಸೇರಿಸಿ ಬ್ರಾಹ್ಮಣರನ್ನಾಗಿ ಮಾಡಿಬಿಟ್ಟರು. ಅಪ್ಪ ಒಂದಿಷ್ಟೂ ಅಳುಕದೆ ಹಾಗೆಯೇ ಹೇಳಿ ನೀರು ಬಿಟ್ಟರು. ಅಜ್ಜಿ ಆ ದೀಪಾವಳಿಯವರೆಗೂ ಅದನ್ನು ನೆನೆಸಿಕೊಂಡು ನಗುತ್ತಿದ್ದರು.

ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಬೆಳಿಗ್ಗೆ ಸಂಧ್ಯಾವಂದನೆ ತಪ್ಪಿದರೆ ಅವರಿಗೆ ಕಾಫಿ ಸೇರದು. ಅವರ ತಮ್ಮ, ನನ್ನ ಚಿಕ್ಕಪ್ಪ, ಇನ್ಶೂರೆನ್ಸ್ ಆಫೀಸಿನಲ್ಲಿ ಗುಮಾಸ್ತ. ನನಗೆ ಬುದ್ಧಿ ತಿಳಿಯುವ ಹೊತ್ತಿಗಾಗಲೇ ಚಿಕ್ಕಪ್ಪ ಗವಿಪುರದಲ್ಲಿ ಒಂದು ಮಹಡಿ ಮನೆ ಬಾಡಿಗೆಗೆ ಹಿಡಿದು ಇದ್ದರು. ಜೊತೆಯಲ್ಲಿ ಇನ್ನೊಬ್ಬರಿದ್ದರು. ಕಾಟನ್‌ಪೇಟೆಯಲ್ಲಿ ಹಗ್ಗ, ಗೋಣಿಚೀಲದ ಸಗಟು ಅಂಗಡಿ ಇಟ್ಟಿದ್ದ ಲಿಂಗಾಯತರ ಮನೆಯವರು. ನಮ್ಮ ಮನೆಯಲ್ಲಿ ಅವರನ್ನು "ಚಿಕ್ಕಪ್ಪನ ಫ್ರೆಂಡು" ಅನ್ನುತ್ತಿದ್ದರು, ನಾನು ಅಂಕಲ್ ಅನ್ನುತ್ತಿದ್ದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಕಾದ ಜಾಗದಲ್ಲಿ ಬರೆದಾಗಿದೆ.

ಅಂಕಲ್ ಭಾನುವಾರ ಸ್ಕೂಟರಿನಲ್ಲಿ ಚಿಕ್ಕಪ್ಪನನ್ನು ಕೂರಿಸಿಕೊಂಡು ಬರುತ್ತಿದ್ದರು. ದಪ್ಪ ಮೀಸೆ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಅವರ ಇಷ್ಟಲಿಂಗ. ಊಟಕ್ಕೆ ಮುಂಚೆ ಅದನ್ನು ಒಂದು ಸಲ ಎದೆಗೊತ್ತಿಕೊಂಡು ಕೂರುತ್ತಿದ್ದರು. ಅಜ್ಜಿ ಅವರಿಗೆ ಹಜಾರದಲ್ಲೇ ಎಲೆ ಹಾಕುತ್ತಿದ್ದರು, ಅಡಿಗೆಮನೆಯ ಹತ್ತಿರ ಬಿಡುತ್ತಿರಲಿಲ್ಲ. ಅದನ್ನು ಮುಚ್ಚಿಟ್ಟು ಅಜ್ಜಿಯನ್ನು ದೇವತೆ ಮಾಡಲು ನನಗೆ ಇಷ್ಟವಿಲ್ಲ. ಆದರೆ ಎರಡನೆಯ ಸಲ ತುಪ್ಪ ಬಡಿಸುತ್ತಿದ್ದದ್ದೂ ಅವರೊಬ್ಬರಿಗೇ.

"ನಿನ್ನ ಶಿವ ವಾಸಿ ಕಣಪ್ಪ, ಎಲ್ಲಿ ಹೋದ್ರೂ ಜೊತೇಲೇ ಬರ್ತಾನೆ. ನಮ್ಮವನನ್ನ ನೋಡ್ಬೇಕು ಅಂದ್ರೆ ನಾನು ಮಡಿ ಉಟ್ಕೊಂಡು ಒಳಗೆ ಹೋಗ್ಬೇಕು" ಅನ್ನುತ್ತಿದ್ದರು ಅಜ್ಜಿ.

"ಬೇಕಾದ್ರೆ ನಿಮಗೂ ಒಂದು ಕರಡಿಗೆ ಮಾಡಿಸಿಕೊಡ್ತೀನಿ ಬಿಡಿ ಅಮ್ಮ" ಅನ್ನುತ್ತಿದ್ದರು ಅಂಕಲ್.

ಅಜ್ಜಿ ಹೋದ ಮೇಲೆ ಆ ನಗು ನಿಂತಿತು. ತಾತನ ಕೆಳಗಿನ ಸಾಲನ್ನು ನಾನೇ ತುಂಬಿದೆ. ಮರುವರ್ಷ ಅಪ್ಪ ತಮ್ಮನಿಗೆ ಹೆಣ್ಣು ನೋಡಿ ಬಂದರು. ಚಿಕ್ಕಪ್ಪನಿಗೆ ಆಗಲೇ ನಲವತ್ತರ ಹತ್ತಿರ. ನಾನು ಪಿಯುಸಿಯಲ್ಲಿದ್ದೆ, ಒಳಗಿನ ಕೋಣೆಯಲ್ಲಿ ಓದುವ ಹಾಗೆ ನಟಿಸುತ್ತ ಎಲ್ಲ ಕೇಳಿಸಿಕೊಂಡೆ.

"ಅಣ್ಣ, ನಂಗೆ ಮದುವೆ ಆಗಿಹೋಗಿದೆ ಅಂದ್ಕೋ. ನಾನು ಅವನ ಜೊತೆ ಇದೀನಿ. ನೀನೂ ಅತ್ತಿಗೇನೂ ಹೇಗಿದೀರೋ ಹಾಗೆ. ಹುಡುಗಾಟಕ್ಕೆ ಹೇಳ್ತಿಲ್ಲ."

ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಅಪ್ಪ ಅಂದರು: "ಇದು ಈ ಮನೇಲಿ ಆಡೋ ಮಾತಲ್ಲ. ನೀನು ಬಾ, ಹೋಗು, ಬೇಡ ಅನ್ನಲ್ಲ. ಅವನು ಇನ್ನು ಇಲ್ಲಿಗೆ ಬರೋದು ಬೇಡ."

ಪೇಪರಿನಲ್ಲಿ ಅಪರೂಪಕ್ಕೆ ಕಾಣುತ್ತಿದ್ದ ಸಲಿಂಗಿ ಅನ್ನುವ ಪದ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಬಂದಿದ್ದರೆ ಜಗಳವಾದರೂ ಆಗಿ ಮುಗಿಯುತ್ತಿತ್ತೇನೋ. ಅಂಕಲ್ ಅವತ್ತಿನಿಂದ ಚಿಕ್ಕಪ್ಪನನ್ನು ರಸ್ತೆಯ ತಿರುವಿನಲ್ಲಿ ಇಳಿಸಿ, ಅಲ್ಲಿದ್ದ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತ ಕಾಯುತ್ತಿದ್ದರು. ಮಹಾಲಯದ ದಿನವೂ ಅಷ್ಟೇ. ತರ್ಪಣ, ಊಟ ಎಲ್ಲ ಮುಗಿಯುವವರೆಗೆ ಎರಡು ಗಂಟೆ ಹೊತ್ತು. ನಾನು ಕಾಲೇಜಿಗೆ ಹೋಗುವಾಗ ಬರುವಾಗ ಅಲ್ಲಿ ಸಿಕ್ಕಿದರೆ, "ಏನು ಮೇಡಂ, ವಡೆ ತಿಂತೀರಾ?" ಅನ್ನುತ್ತಿದ್ದರು. ನಾನು ತಿನ್ನುತ್ತಿದ್ದೆ, ಮನೆಯಲ್ಲಿ ಹೇಳುತ್ತಿರಲಿಲ್ಲ. ಒಂದು ಸಲವೂ ಅವರು ಅಪ್ಪನನ್ನು ಬೈದದ್ದು ಕೇಳಲಿಲ್ಲ. ನನಗಂತೂ ಅದೇ ಸಿಟ್ಟು. ಬೈಯಬಾರದಿತ್ತೇ?

ಹೀಗೇ ಏಳೆಂಟು ವರ್ಷ ನಡೆಯಿತು. ಎರಡು ಸಾವಿರದ ನಂತರದ ಒಂದು ಸಂಕ್ರಾಂತಿ ಕಳೆದು ವಾರವಾಗಿತ್ತು, ಮಧ್ಯಾಹ್ನ ಅಂಗಡಿಯಲ್ಲಿ ಕೂತಿದ್ದ ಹಾಗೆಯೇ ಅಂಕಲ್ ಹೃದಯ ನಿಂತು ಹೋಗಿಬಿಟ್ಟರು. ಅವರ ಅಣ್ಣತಮ್ಮಂದಿರು ಬಂದು ದೇಹ ತೆಗೆದುಕೊಂಡು ಹೋದರು. ಮಾರನೆಯ ದಿನ ಅವರ ಪದ್ಧತಿಯಂತೆ ಕೂರಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ವಿಭೂತಿ ತುಂಬಿ ಮಣ್ಣು ಮಾಡಿದರು. ಚಿಕ್ಕಪ್ಪ ಅಂಗಡಿಯ ಗಿರಾಕಿಗಳ ಜೊತೆ ಹಿಂದೆ ನಿಂತು ನೋಡಿ ಬಂದರು. ಅಪ್ಪ ಹೋಗಲಿಲ್ಲ. ಫೋನೂ ಮಾಡಲಿಲ್ಲ.

ನಾನು ಅವತ್ತು ಸಂಜೆ ಗವಿಪುರಕ್ಕೆ ಹೋದೆ. ಚಿಕ್ಕಪ್ಪ ಮಾರನೆಯ ದಿನದ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದರು.

"ನಾಳೆ ಆಫೀಸಿಗೆ ಹೋಗ್ತೀಯಾ?" ಅಂದೆ. ಅಪ್ಪನಿಗೆ ನೀವು, ಚಿಕ್ಕಪ್ಪನಿಗೆ ನೀನು, ಅದು ಚಿಕ್ಕಂದಿನಿಂದ ಬಂದ ಸಲಿಗೆ.

"ಮತ್ತೆ? ರಜಾ ಚೀಟೀಲಿ ಏನಂತ ಬರೀಲಿ? ಫ್ರೆಂಡ್ ಹೋದ ಅಂತ ಬರೆದ್ರೆ ಅರ್ಧ ದಿನ ಕೊಡ್ತಾರೆ." ಇಸ್ತ್ರಿಪೆಟ್ಟಿಗೆ ನಿಲ್ಲಿಸಿದರು. "ದೂರದ ದಾಯಾದಿ ಸತ್ರೆ ಹತ್ತು ದಿನ ಸೂತಕ ನಂಗೆ. ಮುಖಾನೇ ನೋಡದೇ ಇರೋನು ಸತ್ರೂ ಹತ್ತು ದಿನ. ಇವನಿಗೆ ಒಂದು ದಿನಾನೂ ಇಲ್ಲ ಕಣೇ. ನನ್ನ ಯಾರೂ ಮುಟ್ಟದೇ, ಮಾತಾಡಿಸದೇ, ಮೂಲೇಲಿ ಕೂತು ಅಳೋಕೆ ಬಿಡಬೇಕಿತ್ತು."

ಸೂತಕ, ಮೈಲಿಗೆ ಅಂದರೆ ಉರಿದು ಬೀಳುತ್ತಿದ್ದವಳು ನಾನು. ಅದು ಬೇಕು ಅಂತ ಅಳುವವರನ್ನು ಅವತ್ತೇ ಮೊದಲು ಕಂಡದ್ದು. ನನಗೂ ತಡೆಯಲಾಗಲಿಲ್ಲ. ಇಬ್ಬರೂ ಇಸ್ತ್ರಿ ಮೇಜಿನ ಎರಡು ಕಡೆ ನಿಂತು ಅತ್ತೆವು.

ಹೊರಡುವಾಗ ಚಿಕ್ಕಪ್ಪ ಮೆಟ್ಟಿಲವರೆಗೆ ಬಂದರು. "ಮಹಾಲಯದಲ್ಲಿ ಅವನ ಹೆಸರು ಹೇಳಿ ನೀರು ಬಿಡ್ತಾನಾ ನಿಮ್ಮಪ್ಪ? ನಾನೊಬ್ಬನೇ ಎಲ್ಲಾದ್ರೂ ನದಿ ದಂಡೇಲಿ ಬಿಡಬಹುದು. ಅದಲ್ಲ. ನಮ್ಮನೇಲಿ, ಅಣ್ಣನ ಬಾಯಲ್ಲಿ ಬರಬೇಕು. ನೀನು ಕೇಳಿ ನೋಡು."

ಕೇಳಿದೆ. ಅಪ್ಪ ಪಂಚಾಂಗದಿಂದ ತಲೆ ಎತ್ತದೆ, "ವರ್ಷ ತುಂಬದೆ ಪಟ್ಟಿಗೆ ಸೇರಿಸೋ ಹಾಗಿಲ್ಲ" ಅಂದರು. ಸರಿ, ಅದು ನಿಯಮವೇ. ಬಾಯಿ ಮುಚ್ಚಿಕೊಂಡೆ. ವರ್ಷ ತುಂಬಿ ಮುಂದಿನ ಮಹಾಲಯ ಬಂತು. ಹಾಳೆ ಹಿಡಿದು ಕೂತು ಮತ್ತೆ ಕೇಳಿದೆ.

"ಅವರಲ್ಲಿ ಇದೆಲ್ಲ ಇಲ್ಲ ಕಣಮ್ಮ. ಅವರಲ್ಲಿ ಹೋದವರು ಲಿಂಗದಲ್ಲಿ ಐಕ್ಯ ಆದ ಹಾಗೆ. ಪಿತೃಲೋಕ ಎಲ್ಲಿಂದ ಬಂತು, ಎಳ್ಳುನೀರು ಎಲ್ಲಿಂದ ಬಂತು? ನಾವು ಕೊಟ್ರೆ ಅವರ ಧರ್ಮಕ್ಕೆ ಅಪಚಾರ" ಅಂದರು ಅಪ್ಪ.

ಎಷ್ಟು ನಯವಾದ ಮಾತು ನೋಡಿ! ನನಗೆ ಮೈಯೆಲ್ಲ ಉರಿಯಿತು.

"ಅವರ ಧರ್ಮದ ಮೇಲೆ ನಿಮಗೆ ಇಷ್ಟೊಂದು ಗೌರವ ಯಾವಾಗ ಬಂತಪ್ಪ? ಸಾಬರಲ್ಲಿ ಎಳ್ಳುನೀರು ಇದೆಯಾ? ಪ್ರತಿವರ್ಷ ಕೊಡ್ತಿದೀರಲ್ಲ? ಶರ್ಮಾಣಂ ಅಂತ ಬೇರೆ!"

"ಅವರು ನನ್ನ ಪ್ರಾಣ ಉಳಿಸಿದೋರು."

"ಇವರು ನಿಮ್ಮ ತಮ್ಮನ ಜೊತೆ ಇಪ್ಪತ್ತು ವರ್ಷ ಬಾಳಿದೋರು."

ಅಪ್ಪ ಎದ್ದು ಹೋದರು. ಅಡಿಗೆಮನೆಯಲ್ಲಿ ಅಮ್ಮ ಪಾತ್ರೆ ಕುಕ್ಕಿದ ಸದ್ದು ಕೇಳಿಸಿತು. ಅದು ನನ್ನ ಮೇಲಿನ ಕೋಪವೋ ಅಪ್ಪನ ಮೇಲಿನದೋ ಗೊತ್ತಾಗಲಿಲ್ಲ. ಆ ದಿನ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಅಪ್ಪನಿಗೆ ಅಡ್ಡ ಬಂದದ್ದು ಧರ್ಮವಲ್ಲ. ಬೇರೆ ದೇವರ ಮನುಷ್ಯನಿಗೆ ಜಾಗ ಮಾಡಿಕೊಡುವುದು ಈ ಮನೆಗೆ ಗೊತ್ತಿತ್ತು, ನಗುನಗುತ್ತಲೇ ಮಾಡಿತ್ತು. ಗಂಡಸೊಬ್ಬ ಇನ್ನೊಬ್ಬ ಗಂಡಸನ್ನು ಮನೆಯವನೆಂದು ಕರೆಯುವುದು ಮಾತ್ರ ಅದಕ್ಕೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಧರ್ಮವನ್ನು ಅದರ ಮುಂದೆ ಪರದೆಯ ಹಾಗೆ ಇಳಿಬಿಟ್ಟಿದ್ದರು.

ಪೆನ್ನು ನನ್ನ ಕೈಯಲ್ಲೇ ಇತ್ತು. ಎರಡನೆಯ ಹಾಳೆಯ ಕೊನೆಗೆ, ಕಾಂಪೌಂಡರ್ ಸಾಬರ ಕೆಳಗೆ, ಅಂಕಲ್ ಹೆಸರನ್ನು ದಪ್ಪಕ್ಷರದಲ್ಲಿ ಬರೆದು ಮಡಿಚಿಟ್ಟೆ. ಯಾರಿಗೂ ಹೇಳಲಿಲ್ಲ.

ಮಾರನೆಯ ದಿನ ಅಣ್ಣತಮ್ಮ ಇಬ್ಬರೂ ಮಣೆಯ ಮೇಲೆ ಅಕ್ಕಪಕ್ಕ ಕೂತಿದ್ದರು. ಬೆರಳಿಗೆ ದರ್ಭೆಯ ಉಂಗುರ, ಜನಿವಾರ ಬಲಹೆಗಲಿಗೆ. ಪುರೋಹಿತರು ಅವಸರದಲ್ಲಿದ್ದರು, ಅಮಾವಾಸ್ಯೆಯ ದಿನ ಅವರಿಗೆ ಹತ್ತು ಮನೆ. ಓದುತ್ತ ಓದುತ್ತ ಕೊನೆಗೆ ಬಂದು ಆ ಹೆಸರು ಓದಿಯೇಬಿಟ್ಟರು. ಚಿಕ್ಕಪ್ಪನ ಕೈಯಿಂದ ಎಳ್ಳು ಚೆಲ್ಲಿತು. ಅಪ್ಪನ ಅಂಗೈಯಲ್ಲಿ ನೀರು ತುಂಬಿತ್ತು, ಅದು ಅಲ್ಲೇ ನಿಂತಿತು. ಅವರು ಕತ್ತು ತಿರುಗಿಸಿ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. ನಾನೂ ಕಣ್ಣು ತಗ್ಗಿಸಲಿಲ್ಲ.

"ಗೋತ್ರ ಹೇಳಿ ಸ್ವಾಮಿ, ಇನ್ನೂ ಆರು ಮನೆ ಇದೆ ನಂಗೆ" ಅಂದರು ಪುರೋಹಿತರು.

"ಕಾಶ್ಯಪ" ಅಂದರು ಅಪ್ಪ. ಹೆಸರನ್ನು ಹೇಳಿದರು, ನೀರು ಬಿಟ್ಟರು.

ಗೆದ್ದೆ ಅಂದುಕೊಂಡೆ. ಊಟವಾದ ಮೇಲೆ ಅಪ್ಪ ನನ್ನನ್ನು ಹಿತ್ತಿಲಿಗೆ ಕರೆದರು. ಧ್ವನಿ ಏರಿಸಲಿಲ್ಲ. "ಕೈಯಲ್ಲಿ ನೀರು ಹಿಡಿದು ಕೂತೋನು ಯಾರಿಗೂ ಇಲ್ಲ ಅನ್ನೋ ಹಾಗಿಲ್ಲ. ಅದು ಗೊತ್ತಿದ್ದೇ ಮಾಡಿದೀಯ ನೀನು" ಅಂದರು. ದೀಪಾವಳಿಯವರೆಗೂ ನನ್ನ ಜೊತೆ ಮಾತು ಬಿಟ್ಟರು. ಅದಕ್ಕಿಂತ ಹೆಚ್ಚು ನೋಯಿಸಿದ್ದು ಚಿಕ್ಕಪ್ಪ. ತಿರುವಿನವರೆಗೆ ಕಳಿಸಲು ಹೋದಾಗ, ಆ ದರ್ಶಿನಿಯ ಮುಂದೆ ನಿಂತು, "ನೀನು ಒಳ್ಳೇದಕ್ಕೇ ಮಾಡ್ದೆ ಮಗು. ಆದ್ರೆ ಅದು ಅಣ್ಣ ಕೊಟ್ಟ ನೀರಲ್ಲ, ನೀನು ಕೊಡಿಸಿದ್ದು" ಅಂದರು. ನನ್ನ ಮುಖ ಸಣ್ಣದಾಯಿತು. ಅವರು ಹೇಳಿದ್ದು ಸರಿಯಾಗಿತ್ತು.

ಮುಂದಿನ ಬೇಸಿಗೆಯಲ್ಲಿ ಚಿಕ್ಕಪ್ಪನಿಗೆ ಕಾಮಾಲೆ ಆಯಿತು. ನಮ್ಮ ಮನೆಗೆ ಬಾ ಅಂದರೆ ಬರಲಿಲ್ಲ. ಕೊನೆಗೆ ಅಪ್ಪನೇ ಪಂಚೆ, ಪಂಚಪಾತ್ರೆ ಚೀಲದಲ್ಲಿ ಹಾಕಿಕೊಂಡು ಗವಿಪುರಕ್ಕೆ ಹೋದರು. ಅವರು ಆ ಮನೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಎರಡು ದಿನ ಅಂತ ಹೋದವರು ಒಂಬತ್ತು ದಿನ ಇದ್ದು, ಗಂಜಿ ಬೇಯಿಸಿ ಹಾಕಿ ಬಂದರು. ಬಂದ ದಿನ ಊಟಕ್ಕೆ ಕೂತು ಅಮ್ಮನಿಗೆ ಹೇಳುತ್ತಿದ್ದರು.

"ಗೋಡೆ ಗೂಡಲ್ಲಿ ನಮ್ಮಮ್ಮನ ದೇವರ ಪಟ ಇಟ್ಟಿದಾನೆ. ಅದರ ಪಕ್ಕ ಒಂದು ವಿಭೂತಿ ಗಟ್ಟಿ. ಅವನದ್ದು. ಕಣ್ಣು ಹಳದಿ ಹಳದಿ, ನಿಂತ್ರೆ ತಲೆ ತಿರುಗತ್ತೆ, ಆದ್ರೂ ಬೆಳಿಗ್ಗೆ ಎದ್ದು ಆ ಗೂಡು ಒರೆಸಿ ದೀಪ ಹಚ್ಚಿಬಿಟ್ಟೇ ನೀರು ಕುಡಿಯೋನು. ನಾನು ಒರೆಸ್ತೀನಿ ಬಿಡೋ ಅಂದ್ರೆ ಬಿಡಲಿಲ್ಲ."

ಅಮ್ಮ ಹುಳಿ ಬಡಿಸುತ್ತ, "ನಾನು ಹೋದ್ರೆ ನೀವು ಅಷ್ಟು ಮಾಡ್ತೀರಾ ಅನ್ನೋದು ಅನುಮಾನ" ಅಂದರು. ಅಪ್ಪ ನಗಲಿಲ್ಲ. ಅನ್ನ ಕಲಸುತ್ತಲೇ ಕೂತಿದ್ದರು.

ಮತ್ತೆ ಮಹಾಲಯ ಬಂತು. ಹಿಂದಿನ ದಿನ ಚಾಪೆ ಹಾಸಿ ಹಾಳೆ ಕೊಟ್ಟರು. ಹೋದ ವರ್ಷದ್ದನ್ನು ಬಿಡಿಸಿ ನೋಡಿ, "ನೀನು ಇದನ್ನ ತಪ್ಪು ಬರೆದಿದೀಯ" ಅಂದರು.

ನಾನು ಸೆಟೆದು ಕೂತೆ. "ಅಪ್ಪ, ಆ ಹೆಸರು ತೆಗೆಯಲ್ಲ. ತೆಗೀಬೇಕಾದ್ರೆ ಬೇರೆ ಯಾರ ಕೈಲಾದ್ರೂ ಬರೆಸ್ಕೊಳ್ಳಿ."

"ಬಾಯಿ ಮುಚ್ಚೇ. ತೆಗಿ ಅಂತ ನಾನು ಹೇಳಿದ್ನಾ?" ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. "ಅವನು ಹೊರಗಿನವರ ಹಾಳೇಲಿ ಯಾಕೆ? ಮೊದಲನೇ ಹಾಳೆಗೆ ತಗೊಂಡು ಬಾ. ನಮ್ಮಕ್ಕ, ಭಾವ ಇದಾರಲ್ಲ, ಅವರ ಕೆಳಗೆ ಬರಿ."

ಅಕ್ಕ, ಭಾವನ ಕೆಳಗೆ ಅಂದರೆ ಒಡಹುಟ್ಟಿದವರ ಜಾಗ. ನಾನು ಮೊದಲಿನ ಹೆಸರುಗಳನ್ನೆಲ್ಲ ಬರೆದುಕೊಂಡು ಅಲ್ಲಿಗೆ ಬಂದೆ. ಪೆನ್ನು ಇಡುವಷ್ಟರಲ್ಲಿ ಅಪ್ಪ ನನ್ನ ಮಣಿಕಟ್ಟು ಹಿಡಿದರು.

"ಅಲ್ಲಲ್ಲ. ಒಂದು ಸಾಲು ಖಾಲಿ ಬಿಟ್ಟು ಬರಿ."

ನನಗೆ ಒಂದು ಗಳಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಹಾಳೆ ಕಾಣಿಸಲಿಲ್ಲ, ಕಣ್ಣು ಅಷ್ಟು ತುಂಬಿತ್ತು. ಅಪ್ಪ ಎದ್ದು ದೇವರ ಕೋಣೆಗೆ ಹೋಗಿಬಿಟ್ಟಿದ್ದರು.

ಬೆಳಿಗ್ಗೆ ಪುರೋಹಿತರು ಓದುತ್ತ ಅಪ್ಪನ ಅಕ್ಕ, ಭಾವನ ಹೆಸರು ದಾಟಿ ತಡೆದರು. ಹಾಳೆಯನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. "ಇಲ್ಲೊಂದು ಹೆಸರು ಬರೆಯೋದು ಮರೆತುಹೋಗಿದೆಯೇನಮ್ಮ?" ಅಂತ ನನ್ನನ್ನು ಕೇಳಿದರು.

"ಮರೆತಿಲ್ಲ, ಸರಿಯಾಗೇ ಇದೆ. ನೀವು ಮುಂದಕ್ಕೆ ಓದಿ" ಅಂದರು ಅಪ್ಪ.

ಚಿಕ್ಕಪ್ಪ ಕತ್ತು ಚಾಚಿ ಹಾಳೆ ನೋಡಿದರು. ಖಾಲಿ ಸಾಲು, ಅದರ ಕೆಳಗೆ ಆ ಹೆಸರು. ಪುರೋಹಿತರು ಓದಿದರು. ಯಾರೂ ಕೇಳುವ ಮೊದಲೇ ಅಪ್ಪ "ಕಾಶ್ಯಪ" ಅಂದು, ಹೆಸರನ್ನು ಬಿಡಿಸಿ ಹೇಳಿ, ಅಂಗೈ ಓರೆ ಮಾಡಿ ನೀರು ಬಿಟ್ಟರು. ಚಿಕ್ಕಪ್ಪ ಹಾಳೆಯನ್ನೇ ನೋಡುತ್ತ ಕೂತಿದ್ದರು. ಅಪ್ಪ ಮಂತ್ರ ನಿಲ್ಲಿಸಿ, ದರ್ಭೆಯ ಉಂಗುರವಿದ್ದ ಕೈಯಲ್ಲೇ ತಮ್ಮನ ಕೈ ಹಿಡಿದುಕೊಂಡು, "ನೀನೂ ಬಿಡು" ಅಂದರು. ಚಿಕ್ಕಪ್ಪ ಬಿಟ್ಟರು.

ಕೈ ತೊಳೆಯಲು ಹಿತ್ತಿಲಿಗೆ ಬಂದಾಗ ನಾನು ಟವಲ್ ಹಿಡಿದು ನಿಂತಿದ್ದೆ. ಚಿಕ್ಕಪ್ಪ ಅಳುತ್ತಿದ್ದರು, ನಗುತ್ತಲೂ ಇದ್ದರು. ಮುಖದ ತುಂಬ ನೀರು.

"ನೋಡಿದ್ಯೇನೇ? ನನಗೆ ಅವನ ಪಕ್ಕದಲ್ಲೇ ಕರ್ಚೀಫ್ ಹಾಕಿಟ್ಟಿದಾನೆ ನಮ್ಮಣ್ಣ."